ಕೀಟ್ಸನ ಮೇಲಿನ ವಿಮರ್ಶೆಯ ಕೆಳಗೆ ಹೆಸರೇ ಇರಲಿಲ್ಲ

ವಿಮರ್ಶೆ ಕವಿಗಳನ್ನೇ ಕೊಂದ ಕಾಲ ಅಂತ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಪತ್ರಿಕೆಗಳ ಮೇಲೆ ಪಿಎಚ್‌ಡಿ ಮಾಡಬೇಕು, ವಿಮರ್ಶೆಗಳ ಸಂಕಲನಗಳು ಸಾಕಾ, ಹಳೇ ಸಂಚಿಕೆಗಳನ್ನೂ ಓದಬೇಕಾ ಅಂತ ಕೇಳಿದ್ದೀರಿ. ಸಂಕಲನ ಸಾಕು ಅಂದುಕೊಂಡವನು ನಾನು.

ಇಂಗ್ಲಿಷ್ ಕವಿ ಕೀಟ್ಸನ 'ಎಂಡಿಮಿಯನ್' ಕಾವ್ಯವನ್ನು 1818ರಲ್ಲಿ 'ಕ್ವಾರ್ಟರ್ಲಿ ರಿವ್ಯೂ' ಪತ್ರಿಕೆ ಹೀಯಾಳಿಸಿತಲ್ಲ, ಅದೇ ನನ್ನ ವಿಷಯ. ಸಂಕಲನದಿಂದ ತೆಗೆದ ನನ್ನ ಜೆರಾಕ್ಸ್ ಪ್ರತಿಯಲ್ಲಿ ಬರಹದ ಮೇಲೆ ದಪ್ಪಕ್ಷರದಲ್ಲಿ ಜಾನ್ ವಿಲ್ಸನ್ ಕ್ರೋಕರ್ ಅಂತಿತ್ತು. ಕ್ರೋಕರ್ ಆಗ ಆಳುತ್ತಿದ್ದ ಟೋರಿ ಪಕ್ಷದವನು, ಅಡ್ಮಿರಾಲ್ಟಿಯ (ನೌಕಾಪಡೆಯ ಇಲಾಖೆ) ಕಾರ್ಯದರ್ಶಿ. ಕೀಟ್ಸ್ ಸರ್ಕಾರವನ್ನು ಟೀಕಿಸುತ್ತಿದ್ದ ಪತ್ರಕರ್ತ ಲೀ ಹಂಟನ ಗೆಳೆಯ. ಇಷ್ಟು ಸಿಕ್ಕಿದ್ದೇ ತಡ, ಓದುಗರು ಕ್ರೋಕರನ ಹೆಸರು ನೋಡಿ ಇದು ಸರ್ಕಾರದ್ದೇ ದನಿ ಅಂದುಕೊಂಡರು ಅಂತ ಅರವತ್ತು ಪುಟದ ಅಧ್ಯಾಯ ಬರೆದೆ.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದಿದ್ದ ಪರೀಕ್ಷಕರು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಮೂಲ ಸಂಚಿಕೆಯ ಸ್ಕ್ಯಾನ್. ಮೇಲೆ ಕಾವ್ಯದ ಹೆಸರು, ಕವಿಯ ಹೆಸರು. ಐದು ಪುಟ ಮುಗಿದ ಮೇಲೆ ಮುಂದಿನ ಬರಹ ಶುರು. "ಕ್ರೋಕರ್ ಎಲ್ಲಿದ್ದಾನೆ, ತೋರಿಸಿ" ಅಂದರು. ಎಲ್ಲೂ ಇರಲಿಲ್ಲ. ಆ ಹೆಸರು ಸೇರಿಸಿದವರು ನಮ್ಮ ಕಾಲದ ಸಂಪಾದಕರು. ಆಗ ವಿಮರ್ಶಕ 'ನಾವು' ಅಂತ ಬರೆಯುತ್ತಿದ್ದ, ಸಹಿ ಹಾಕುತ್ತಿರಲಿಲ್ಲ. ಆ 'ನಾವು' ಯಾರು ಅಂತ ಓದುಗರು ಊಹಿಸಬೇಕಿತ್ತು. ಅದೇ ಪತ್ರಿಕೆಯಲ್ಲಿ ತನ್ನ ಮೇಲೆ ಬಂದ ವಿಮರ್ಶೆ ಕವಿ ರಾಬರ್ಟ್ ಸದಿಯ ಕೆಲಸ ಅಂತ ಕವಿ ಶೆಲ್ಲಿಯೇ ಶಂಕಿಸಿದ್ದ; ನಿಜವಾಗಿ ಬರೆದವನು ಜಾನ್ ಟೇಲರ್ ಕೋಲ್ರಿಜ್. ಹೆಸರೇ ಇಲ್ಲದ ಕಡೆ ನಾನು ಹೆಸರಿನ ಪ್ರಭಾವ ಹುಡುಕಿದ್ದೆ. ಅಧ್ಯಾಯವನ್ನು ಮತ್ತೆ ಬರೆಯಲು ಎಂಟು ತಿಂಗಳು ಹಿಡಿಯಿತು, ಅಷ್ಟರಲ್ಲಿ ಅರ್ಜಿ ಹಾಕಿದ್ದ ಕೆಲಸ ಕೈತಪ್ಪಿತು.

'ಕವಿಗಳನ್ನು ಕೊಂದ ಕಾಲ' ಅನ್ನುವುದನ್ನು ಮೊದಲು ಬಿಡಿ. ಕೀಟ್ಸ್ 1821ರಲ್ಲಿ ರೋಮಿನಲ್ಲಿ ಸತ್ತದ್ದು ಕ್ಷಯದಿಂದ. ವಿಮರ್ಶೆ ಕೊಂದಿತು ಅನ್ನೋ ಕಥೆ ಹಬ್ಬಿದ್ದು ಶೆಲ್ಲಿ, ಬೈರನ್ ಪದ್ಯಗಳಿಂದ. ತನ್ನ ಬರಹವನ್ನು ತಾನೇ ಒರೆಗೆ ಹಚ್ಚಿದಾಗ ಆದಷ್ಟು ನೋವು ಪತ್ರಿಕೆಗಳಿಂದ ಆಗಲಾರದು ಅಂತ ಕೀಟ್ಸನೇ 1818ರ ಅಕ್ಟೋಬರಿನ ಕಾಗದದಲ್ಲಿ ಹೇಳಿದ್ದಾನೆ.

ನೀವು ಕೇಳಬೇಕಾದ್ದು ಬೇರೆ. ಕಾವ್ಯದ ನಾಲ್ಕು ಭಾಗಗಳಲ್ಲಿ ಒಂದನ್ನಷ್ಟೇ ಓದಿದ್ದೇವೆ ಅಂತ ಶುರುವಿನಲ್ಲೇ ಬರೆಯುವಷ್ಟು ಧೈರ್ಯ ಆ ವಿಮರ್ಶಕನಿಗೆ ಎಲ್ಲಿಂದ ಬಂತು? ಸಹಿ ಇಲ್ಲದ್ದರಿಂದಲೇ ಅಂತ ನನ್ನ ಗಟ್ಟಿ ನಂಬಿಕೆ. 1865ರಲ್ಲಿ ಶುರುವಾದ 'ಫೋರ್ಟ್‌ನೈಟ್ಲಿ ರಿವ್ಯೂ' ಲೇಖಕರಿಂದ ಸಹಿ ಹಾಕಿಸಿತು. ಅದರದೊಂದು ಸಂಚಿಕೆ, 'ಕ್ವಾರ್ಟರ್ಲಿ'ಯದೊಂದು ಸಂಚಿಕೆ ಪಕ್ಕಪಕ್ಕ ಇಟ್ಟು ಮೊದಲ ಪುಟದಿಂದ ಕೊನೆಯವರೆಗೆ ಓದಿ. ಎರಡೂ ಸ್ಕ್ಯಾನ್ ಆಗಿ ಪುಕ್ಕಟೆ ಸಿಗುತ್ತವೆ.