ಹಳೆಯ ಲೇತ್, ಹೊಸ ಅನುದಾನ: ಓದುಗರ ಪ್ರಶ್ನೆಗೆ ಉತ್ತರ

ಶಾಲೆಗಳ ವೃತ್ತಿ ಮತ್ತು ತಾಂತ್ರಿಕ ಶಿಕ್ಷಣಕ್ಕೆ ಸಿಗುವ ಸರ್ಕಾರಿ ಅನುದಾನದ ಬಗ್ಗೆ ಈ ಸಲದ ಪ್ರಶ್ನೆಗಳು. ಹೆಚ್ಚಿನವು ಅಮೆರಿಕದಲ್ಲಿರುವ ಕನ್ನಡಿಗರವು, ಕೊನೆಯದು ಹಾಸನದಿಂದ ಬಂದಿದೆ.

ಪ್ರಶ್ನೆ: ಮಗಳ ಹೈಸ್ಕೂಲಿನ ಮಷಿನ್ ಶಾಪಿನಲ್ಲಿ ಯಂತ್ರಗಳೆಲ್ಲ ಹಳತು. ಕೇಳಿದರೆ ‘ಪರ್ಕಿನ್ಸ್ ಹಣ ಬರಲಿ’ ಎನ್ನುತ್ತಾರೆ. ಏನಿದು? ಯಾರು ಕೊಡುತ್ತಾರೆ? (ಡಲ್ಲಾಸ್)

ಉತ್ತರ: ವೃತ್ತಿ ಶಿಕ್ಷಣಕ್ಕೆ ಸಿಗುವ ಈ ಹಣ ಕೊಡುವುದು ಅಮೆರಿಕದ ಕೇಂದ್ರ ಸರ್ಕಾರ, ಹಂಚುವುದು ರಾಜ್ಯ. ಕೆಂಟಕಿಯ ಸಂಸದ ಕಾರ್ಲ್ ಪರ್ಕಿನ್ಸ್ ಹೆಸರಿನಲ್ಲಿ 1984ರಲ್ಲಿ ಬಂದ ಕಾಯ್ದೆಯ ಈಗಿನ ರೂಪಕ್ಕೆ 2018ರ ಜುಲೈ 31ರಂದು ಸಹಿ ಬಿತ್ತು. ರಾಜ್ಯಕ್ಕೆ ಬಂದ ಹಣದಲ್ಲಿ ಕನಿಷ್ಠ ಶೇ 85 ಭಾಗ ಶಾಲೆ–ಕಾಲೇಜುಗಳಿಗೆ ಹೋಗಲೇಬೇಕು. ಹೈಸ್ಕೂಲುಗಳ ಪಾಲನ್ನು ಡಿಸ್ಟ್ರಿಕ್ಟುಗಳಿಗೆ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಹಂಚುವಾಗ ಶೇ 30ನ್ನು 5ರಿಂದ 17 ವರ್ಷದ ಮಕ್ಕಳ ಸಂಖ್ಯೆಗೂ, ಶೇ 70ನ್ನು ಅವರಲ್ಲಿ ಬಡ ಕುಟುಂಬದ ಮಕ್ಕಳ ಸಂಖ್ಯೆಗೂ ಅನುಗುಣವಾಗಿ ಲೆಕ್ಕ ಹಾಕುತ್ತಾರೆ. ಹಾಗಾಗಿ ಉಳ್ಳವರ ಬಡಾವಣೆಯ ಡಿಸ್ಟ್ರಿಕ್ಟಿಗೆ, ಮಕ್ಕಳು ಹೆಚ್ಚಿದ್ದರೂ, ತಲಾವಾರು ಬರುವುದು ಕಡಿಮೆಯೇ.

ಪಾಲು 15,000 ಡಾಲರಿಗಿಂತ ಕಡಿಮೆಯಾದರೆ ಸಾಮಾನ್ಯವಾಗಿ ಒಬ್ಬರೇ ಪಡೆಯುವಂತಿಲ್ಲ, ನೆರೆಯ ಡಿಸ್ಟ್ರಿಕ್ಟುಗಳ ಜೊತೆ ಒಕ್ಕೂಟ ಸೇರಬೇಕು. ಸೇರಿದ ಮೇಲೆ ‘ನಮ್ಮ ಪಾಲು ನಮಗೆ ಕೊಡಿ’ ಎಂದು ಬಿಡಿಸಿಕೊಳ್ಳುವ ಹಾಗೂ ಇಲ್ಲ. ಎಲ್ಲ ಸದಸ್ಯರಿಗೂ ಉಪಯೋಗವಾಗುವ ಕೆಲಸಕ್ಕೇ ಅದು ಖರ್ಚಾಗಬೇಕು.

ನಿಮ್ಮ ಕೈಲಾಗುವುದು ಒಂದಿದೆ. ಪ್ರತಿ ಡಿಸ್ಟ್ರಿಕ್ಟ್ ಎರಡು ವರ್ಷಕ್ಕೊಮ್ಮೆಯಾದರೂ ಸ್ಥಳೀಯ ಅಗತ್ಯಗಳ ಸಮೀಕ್ಷೆಯನ್ನು ಹೊಸದು ಮಾಡಬೇಕು, ಅದಕ್ಕೆ ಪೋಷಕರನ್ನೂ ಉದ್ಯಮದವರನ್ನೂ ಕೇಳಲೇಬೇಕು. ಹೊಸ ಲೇತ್ ಬೇಕು ಎಂಬ ಮಾತು ಆ ಸಮೀಕ್ಷೆಯಲ್ಲಿ ಇಲ್ಲದಿದ್ದರೆ ಬಜೆಟ್ಟಿನಲ್ಲಿ ಬರೆದೂ ಫಲವಿಲ್ಲ. ಅರ್ಜಿ ಹೋದ ಮೇಲೆ ಪ್ರಿನ್ಸಿಪಾಲರ ಬಳಿ ವಾದ ಮಾಡುವುದಕ್ಕಿಂತ ಸಮೀಕ್ಷೆಯ ಸಭೆಗೆ ಹೋಗಿ ಕೂರುವುದು ಮೇಲು.

ಪ್ರಶ್ನೆ: ಹೈಸ್ಕೂಲಿನಲ್ಲಿ ಹೆಲ್ತ್ ಸೈನ್ಸ್ ಕಲಿಸುತ್ತೇನೆ. ಪರ್ಕಿನ್ಸ್‌ಗೆ ಕಳಿಸಿದ ನನ್ನ ಪಟ್ಟಿಯಲ್ಲಿ ಸಹಾಯಕ ಶಿಕ್ಷಕಿಯ ಸಂಬಳವನ್ನೂ ಮಕ್ಕಳ ಸಮವಸ್ತ್ರವನ್ನೂ ಹೊಡೆದುಹಾಕಿದ್ದಾರೆ, ಮ್ಯಾನಿಕಿನ್ (ಶುಶ್ರೂಷೆಯ ಅಭ್ಯಾಸಕ್ಕೆ ಬಳಸುವ ಗೊಂಬೆ) ಮಾತ್ರ ಉಳಿಸಿದ್ದಾರೆ. ಏಕೆ? (ನ್ಯೂ ಜೆರ್ಸಿ)

ಉತ್ತರ: ಆ ಶಿಕ್ಷಕಿಗೆ ಕಳೆದ ವರ್ಷ ಡಿಸ್ಟ್ರಿಕ್ಟಿನ ಸ್ವಂತ ನಿಧಿಯಿಂದ ಸಂಬಳ ಹೋಗಿದ್ದರೆ ಕಾರಣ ಅದೇ. ಪರ್ಕಿನ್ಸ್ ಹಣ ಇದ್ದದ್ದಕ್ಕೆ ಸೇರ್ಪಡೆಯಾಗಬೇಕು, ಇದ್ದದ್ದರ ಜಾಗಕ್ಕೆ ಬರಕೂಡದು. ನಿನ್ನೆ ಡಿಸ್ಟ್ರಿಕ್ಟ್ ಭರಿಸುತ್ತಿದ್ದ ಖರ್ಚನ್ನು ಇಂದು ಕೇಂದ್ರದ ತಲೆಗೆ ಕಟ್ಟಿದರೆ ಆಡಿಟ್‌ನಲ್ಲಿ ಅದು ಮೊದಲು ಕಣ್ಣಿಗೆ ಬೀಳುತ್ತದೆ. ಸಮವಸ್ತ್ರ ಮಕ್ಕಳು ಮನೆಗೆ ಒಯ್ಯುವ ವಸ್ತು, ಸ್ವಂತ ಬಳಕೆಯದು ಎಂದು ತೆಗೆದಿರುತ್ತಾರೆ. ತರಗತಿಯಲ್ಲೇ ಉಳಿಯುವ ಸೆಟ್ ಎಂದು ಬರೆದು, ಸೈಜುವಾರು ಎಷ್ಟು ಎಂದು ತೋರಿಸಿ ಮತ್ತೊಮ್ಮೆ ಕಳಿಸಿ ನೋಡಿ.

ಮ್ಯಾನಿಕಿನ್ ಬಂದ ದಿನವೇ ಅದಕ್ಕೊಂದು ಟ್ಯಾಗ್ ಅಂಟಿಸಿ. ಸೀರಿಯಲ್ ನಂಬರ್, ಕೊಂಡ ದಿನಾಂಕ, ಬೆಲೆ, ಯಾವ ಅನುದಾನ, ಯಾವ ಕೋಣೆ ಎಲ್ಲವೂ ದಾಸ್ತಾನು ಪಟ್ಟಿಯಲ್ಲಿರಲಿ. 2024ರ ಅಕ್ಟೋಬರ್‌ನಿಂದ ಕೇಂದ್ರದ ನಿಯಮದಲ್ಲಿ ‘ಉಪಕರಣ’ ಎನಿಸಿಕೊಳ್ಳುವ ಬೆಲೆಯ ಮಿತಿ 5,000ದಿಂದ 10,000 ಡಾಲರಿಗೆ ಏರಿದೆ. ಆದರೆ ಡಿಸ್ಟ್ರಿಕ್ಟ್ ತನ್ನದೇ ಕಡಿಮೆ ಮಿತಿ ಇಟ್ಟುಕೊಂಡಿರಬಹುದು, ಕೇಳಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ವಸ್ತುವನ್ನು ಕಣ್ಣಾರೆ ನೋಡಿ ಪಟ್ಟಿಗೆ ತಾಳೆ ಹಾಕಬೇಕು. ವರ್ಷದೊಳಗೆ ಖರ್ಚಾಗದ ಹಣ ರಾಜ್ಯಕ್ಕೆ ವಾಪಸ್, ಆದ್ದರಿಂದ ಖರೀದಿ ಆದೇಶವನ್ನು ಬೇಸಿಗೆ ರಜೆಯ ಅಂಚಿನವರೆಗೆ ಎಳೆಯಬೇಡಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸಿಟಿಇ (ವೃತ್ತಿ ಮತ್ತು ತಾಂತ್ರಿಕ ಶಿಕ್ಷಣ) ಪ್ರೋತ್ಸಾಹ ಅನುದಾನಕ್ಕೆ ಅರ್ಜಿ ಹಾಕುವ ಸಮಿತಿಯಲ್ಲಿದ್ದೇನೆ. ‘ಮ್ಯಾಚ್’, ಅಂದರೆ ರಾಜ್ಯದ ಹಣಕ್ಕೆ ಪ್ರತಿಯಾಗಿ ನಮ್ಮ ಕಡೆಯ ಖರ್ಚು, ತೋರಿಸಲಾಗದೆ ಒದ್ದಾಡುತ್ತಿದ್ದೇವೆ. (ಸ್ಯಾನ್ ಹೋಸೆ)

ಉತ್ತರ: ಒದ್ದಾಟ ನಿಮ್ಮೊಬ್ಬರದಲ್ಲ. 2015ರಲ್ಲಿ ಶುರುವಾದಾಗ ರಾಜ್ಯದ 1 ಡಾಲರಿಗೆ ಶಾಲೆಯ 1 ಡಾಲರ್ ಸಾಕಿತ್ತು. ಮರುವರ್ಷ ಒಂದೂವರೆ, ಆಮೇಲೆ 2 ಆಯಿತು, ಈಗಲೂ 2. ಅಂದರೆ 2 ಲಕ್ಷ ಡಾಲರ್ ಕೇಳಿದರೆ 4 ಲಕ್ಷದ ಸ್ವಂತ ಖರ್ಚು ತೋರಿಸಬೇಕು.

ನಮ್ಮ ಅನುಭವದಲ್ಲಿ ಆ ಖರ್ಚು ಆಗಲೇ ಆಗಿರುತ್ತದೆ, ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ ಅಷ್ಟೆ. ವೃತ್ತಿ ಶಿಕ್ಷಣದ ಖರ್ಚಿಗೆ ರಾಜ್ಯದ ಲೆಕ್ಕ ಪದ್ಧತಿಯಲ್ಲಿ ಗೋಲ್ 3800 ಎಂಬ ಕೋಡ್ ಇದೆ. ವೆಲ್ಡಿಂಗ್ ಶಿಕ್ಷಕರ ಸಂಬಳವನ್ನು ಸಾಮಾನ್ಯ ತರಗತಿಯ 1110ರಲ್ಲಿ ಬರೆದುಬಿಟ್ಟರೆ ಅದು ಮ್ಯಾಚ್ ಎಂದು ಸಾಬೀತಾಗುವುದು ಹೇಗೆ? ಅರ್ಜಿಗೆ ಕೈ ಹಾಕುವ ಮುನ್ನ ಮಾಸ್ಟರ್ ಟೈಮ್‌ಟೇಬಲ್ಲನ್ನೂ ಸಂಬಳದ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂರಿ. ಐದು ಪೀರಿಯಡ್‌ನಲ್ಲಿ ಮೂರು ವೃತ್ತಿ ತರಗತಿ ಮಾಡುವವರ ಸಂಬಳ, ಭತ್ಯೆಯಲ್ಲಿ ಶೇ 60 ಮಾತ್ರ ಹಿಡಿಯಿರಿ, ಪೂರ್ತಿ ಹಿಡಿದರೆ ಸಿಕ್ಕಿಬೀಳುತ್ತೀರಿ. ಅಕೌಂಟ್ಸ್ ವಿಭಾಗದವರನ್ನು ಮೊದಲ ಸಭೆಗೇ ಕರೆಯಿರಿ. ಕೊನೆಯ ವಾರ ಕರೆದರೆ ಅವರಿಗೂ ಸಿಟ್ಟು, ನಿಮಗೂ ತಲೆನೋವು.

ರಾಜ್ಯ ಡಿಸ್ಟ್ರಿಕ್ಟಿಗೆ ಕೊಡುವ ಸಾಮಾನ್ಯ ನಿಧಿ ಮ್ಯಾಚ್‌ಗೆ ನಡೆಯುತ್ತದೆ, ಅದರಲ್ಲಿ 9ರಿಂದ 12ನೇ ತರಗತಿಗೆಂದು ಬರುವ ಹೆಚ್ಚುವರಿ ಶೇ 2.6 ಕೂಡ ಸೇರಿದೆ. ಪರ್ಕಿನ್ಸ್ ಹಣವೂ ನಡೆಯುತ್ತದೆ. ರಾಜ್ಯದ್ದೇ ಇನ್ನೊಂದು ವೃತ್ತಿ ಶಿಕ್ಷಣ ಅನುದಾನವಾದ ಸ್ಟ್ರಾಂಗ್ ವರ್ಕ್‌ಫೋರ್ಸ್ ನಡೆಯುವುದಿಲ್ಲ. ಒಂದೇ ಡಾಲರನ್ನು ಎರಡು ಅರ್ಜಿಗಳಲ್ಲಿ ಮ್ಯಾಚ್ ಎಂದು ತೋರಿಸುವುದಂತೂ ಬೇಡವೇ ಬೇಡ.

ಸಣ್ಣ ಶಾಲೆಯವರು ದೊಡ್ಡವರ ಎದುರು ಸೋಲುತ್ತೇವೆಂದು ಹಿಂಜರಿಯಬೇಕಿಲ್ಲ. ಒಟ್ಟು ಅನುದಾನದಲ್ಲಿ, 7ರಿಂದ 12ನೇ ತರಗತಿಯ ಸರಾಸರಿ ಹಾಜರಾತಿ 140ರ ಒಳಗಿದ್ದವರಿಗೆ ಶೇ 4, 550ರವರೆಗಿನವರಿಗೆ ಶೇ 8 ಮೀಸಲು.

ಪ್ರಶ್ನೆ: ಮಗ ಒಂದು ವರ್ಷ ಅಡುಗೆ, ಒಂದು ವರ್ಷ ಆಟೊ, ಒಂದು ವರ್ಷ ವಿಡಿಯೊ ಕೋರ್ಸ್ ಮಾಡಿದ. ಕೌನ್ಸೆಲರ್‌ಗೆ ಅಸಮಾಧಾನ. ತಪ್ಪೇನು? (ಶಿಕಾಗೊ)

ಉತ್ತರ: ಮಗನದು ತಪ್ಪಿಲ್ಲ. ಆದರೆ ಪರ್ಕಿನ್ಸ್ ಲೆಕ್ಕದಲ್ಲಿ ಒಂದೇ ವಿಭಾಗದ ಕನಿಷ್ಠ 2 ಕೋರ್ಸ್ ಮುಗಿಸಿದವರನ್ನು ಮಾತ್ರ ‘ಕಾನ್ಸಂಟ್ರೇಟರ್’ ಎಂದು ಹಿಡಿಯುತ್ತಾರೆ, ಶಾಲೆಯ ಫಲಿತಾಂಶ ಅಳೆಯುವುದೂ ಅವರಿಂದಲೇ. ಕೆಲಸದ ದೃಷ್ಟಿಯಿಂದಲೂ ಒಂದರಲ್ಲಿ ಎರಡು ಮೆಟ್ಟಿಲು ಹತ್ತುವುದೇ ವಾಸಿ.

ಪ್ರಶ್ನೆ: ನಮ್ಮೂರ ಸರ್ಕಾರಿ ಪ್ರೌಢಶಾಲೆ ನೇರವಾಗಿ ಇಂಥ ಅನುದಾನ ಕೇಳಬಹುದೇ? (ಹಾಸನ)

ಉತ್ತರ: ನೇರವಾಗಿ ಇಲ್ಲ. ಇಲ್ಲಿ ವೃತ್ತಿ ಶಿಕ್ಷಣ ಸಮಗ್ರ ಶಿಕ್ಷಣ ಯೋಜನೆಯ ಭಾಗ, ಕೇಂದ್ರ ಶೇ 60, ಕರ್ನಾಟಕ ಶೇ 40. ರಾಜ್ಯ ತನ್ನ ವಾರ್ಷಿಕ ಯೋಜನೆಯಲ್ಲಿ ಶಾಲೆಯ ಹೆಸರು ಸೇರಿಸಿ ಕಳಿಸಬೇಕು, ದೆಹಲಿಯ ಯೋಜನಾ ಅನುಮೋದನಾ ಮಂಡಳಿ ಒಪ್ಪಬೇಕು. ನೀವು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಠರಾವು ಮಾಡಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೂಲಕ ಜಿಲ್ಲೆಗೆ ಕಳಿಸಿ. ಜೊತೆಗೆ ಯು–ಡೈಸ್ (ಶಾಲೆಗಳ ರಾಷ್ಟ್ರೀಯ ದತ್ತಾಂಶ) ಮಾಹಿತಿಯಲ್ಲಿ 9, 10ನೇ ತರಗತಿಯ ಮಕ್ಕಳ ಸಂಖ್ಯೆ, ಖಾಲಿ ಕೋಣೆ, ವಿದ್ಯುತ್ ಸಂಪರ್ಕ ಸರಿಯಾಗಿ ದಾಖಲಾಗಿದೆಯೇ ನೋಡಿ. ಮಕ್ಕಳಿಗೂ ಪೋಷಕರಿಗೂ ಮೊದಲೇ ಹೇಳಬೇಕಾದ ಮಾತೆಂದರೆ, ಎಸ್ಸೆಸ್ಸೆಲ್ಸಿಯಲ್ಲಿ ಐಟಿ, ರಿಟೇಲ್, ಆಟೊಮೊಬೈಲ್‌ನಂಥ ವಿಷಯ ತೃತೀಯ ಭಾಷೆಯ ಜಾಗದಲ್ಲಿ ಬರುತ್ತದೆ.