ಫ್ಲೆಕ್ಸ್ ಆಮೇಲೆ ಹಾಕಿಸಿ

ಪ್ರಶ್ನೆ: ಅಡಿಕೆ ಲಾಟ್‌ಗಳ ದಾಖಲೆಗೆ ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಟ್ಟ, ಆಮೇಲೆ ತಿದ್ದಲು ಕಷ್ಟವಾದ ಲೆಕ್ಕದ ಪುಸ್ತಕ) ವೇದಿಕೆ ಕಟ್ಟಿದ್ದೇವೆ. ಕೃಷಿಕರು ಇನ್‌ಸ್ಟಾಲ್ ಮಾಡಿ, ಮರುದಿನವೇ ಬಿಡುತ್ತಾರೆ. ಪ್ರಚಾರ ಹೆಚ್ಚಿಸಬೇಕೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಸದ್ಯ ಬೇಡ ಮಾರಾಯ್ರೇ. ಜನ ಬರುತ್ತಿದ್ದಾರಲ್ಲ, ನಿಲ್ಲುತ್ತಿಲ್ಲ ಅಷ್ಟೇ. ನಿಮ್ಮ ಆಪ್ ತೆರೆದು ನೋಡಿದೆ. ಮೊದಲ ಪರದೆಯಲ್ಲೇ ಖಾತೆಯ ಗುಟ್ಟಿನ ಕೀಲಿಯೆಂದು 12 ಇಂಗ್ಲಿಷ್ ಪದ ಬರೆದಿಟ್ಟುಕೊಳ್ಳಿ ಎನ್ನುತ್ತದೆ, ಮುಂದಿನದರಲ್ಲಿ ಗ್ಯಾಸ್ ಶುಲ್ಕ, ಅಂದರೆ ಪ್ರತಿ ದಾಖಲೆಗೂ ಜಾಲಕ್ಕೆ ಕೊಡಬೇಕಾದ ಹಣ! ಅಂಗಳದಲ್ಲಿ ಅಡಿಕೆ ಹರವಿ ಮೋಡ ನೋಡುತ್ತಿರುವವರಿಗೆ ಇದೆಲ್ಲ ಯಾಕೆ? ನಿಮ್ಮದು ಇಥೀರಿಯಂ ಎಂಬ ಹೆಸರಾಂತ ಬ್ಲಾಕ್‌ಚೈನ್‌ನ ಮಾದರಿಯ ಜಾಲವಾದರೆ, ಖಾತೆ ಬಳಕೆ ಸುಲಭ ಮಾಡುವ ಇಆರ್‌ಸಿ-4337 ಎಂಬ ಮಾನದಂಡ 2023ರಿಂದ ಇದೆ. ಅದರಿಂದ ಕೃಷಿಕರ ಶುಲ್ಕ ನೀವೇ ಭರಿಸಬಹುದು, ಫೋನಿನ ಬೆರಳಚ್ಚಿನಲ್ಲೇ ಸಹಿ ಮಾಡಿಸಬಹುದು. ಕನ್ನಡ, ಮಲಯಾಳಂ ಎರಡೂ ಇರಲಿ. ಟೋಕನ್ (ಬ್ಲಾಕ್‌ಚೈನ್‌ನ ಡಿಜಿಟಲ್ ನಾಣ್ಯ) ಕೊಡುವ ಆಮಿಷವಂತೂ ಬೇಡವೇ ಬೇಡ, ಅದಕ್ಕೆಂದು ಬಂದವರು ಅಡಿಕೆ ದಾಖಲಿಸುವುದಿಲ್ಲ. ತೂಕ ದಾಖಲಾದ ಕೂಡಲೇ ರಶೀದಿ ವಾಟ್ಸಾಪ್‌ಗೆ ಬರಲಿ. ಅದನ್ನು ನೋಡಿ ಪಕ್ಕದ ತೋಟದವರು ವಿಚಾರಿಸಿದರೆ ಪ್ರಚಾರಕ್ಕೆ ದುಡ್ಡು ಹಾಕಿ.