ಬರವಣಿಗೆ ನಿಂತುಹೋಗಿದೆ, ಕುಂಬಾರಿಕೆ ಕಲಿತರೆ ಮತ್ತೆ ಬರುತ್ತಾ?

ಅಯ್ಯೋ, ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ತಿರುಗಿದವನು. ಯಾವ ಕಥೆ ಹಿಡಿದರೂ ಎರಡನೇ ಪುಟಕ್ಕೇ ನಿಲ್ಲುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ತರಲು ಧಾರವಾಡದ ಹತ್ತಿರದ ಹಳ್ಳಿಯೊಂದರ ಕುಂಬಾರರ ಮನೆಗೆ ಹೋಗಿದ್ದೆ. ಅಲ್ಲಿನ ಕಾಕಾ ಹಸಿ ಮಣ್ಣನ್ನು ಎರಡು ಸಲ ಚಿವುಟಿ ಕೋಡು ತೆಗೆದದ್ದು ನೋಡಿ 'ನನಗೂ ಕಲಿಸ್ರಿ' ಅಂದುಬಿಟ್ಟೆ.

ಮೊದಲ ಎರಡು ವಾರ ತಿಗರಿ, ಅಂದರೆ ಗಡಿಗೆ ತಿರುಗಿಸುವ ಚಕ್ರ, ಮುಟ್ಟಿಸಲೇ ಇಲ್ಲ. ಮಣ್ಣು ತುಳಿ, ಹರಳು ಆರಿಸು, ಅಷ್ಟೇ.

ಅಷ್ಟರಲ್ಲಿ ನಾನು ಮಾಡಿದ ತಪ್ಪು ಕೇಳಿ. 'ನನ್ನ ಮೊದಲ ಗಡಿಗೆ' ಅಂತ ಫೋಟೋ ಸಮೇತ ಒಂದು ಲೇಖನ ಕೊಡುತ್ತೇನೆಂದು ಪರಿಚಯದ ಸಂಪಾದಕರಿಗೆ ಹೇಳಿಬಿಟ್ಟಿದ್ದೆ. ಗಡಿಗೆ ಮಾಡಿದ್ದು ಜುಲೈನಲ್ಲಿ. ಧಾರವಾಡದ ಜುಲೈ ಗೊತ್ತಲ್ಲ, ಒಗೆದ ಅಂಗಿಯೇ ಮೂರು ದಿನ ಒಣಗಲ್ಲ. ಕಾಕಾ ಗಡಿಗೆಯನ್ನು ಕೆನ್ನೆಗೆ ಒತ್ತಿ ಹಿಡಿದು, 'ಇನ್ನೂ ತಣ್ಣಗೈತಿ ಸರ, ಒಳಗ ನೀರೈತಿ. ಎಂಟು ದಿನ ತಡೀರಿ' ಅಂದರು. ನನ್ನ ಕಣ್ಣಿಗೆ ಅದು ಬಿಳಿಚಿಕೊಂಡು ಪೂರ್ತಿ ಒಣಗಿದ ಹಾಗೇ ಇತ್ತು. ಭಾನುವಾರದೊಳಗೆ ಬೇಕೇ ಬೇಕು ಅಂತ ಗೋಗರೆದೆ. ಪಾಪ, ಒಪ್ಪಿದರು.

ಹೊಸಬರ ಗಡಿಗೆಯ ತಳ ಯಾವಾಗಲೂ ದಪ್ಪ. ನನ್ನದು ಹೆಬ್ಬೆರಳಿನಷ್ಟು ದಪ್ಪ ಇತ್ತು. ಅಂಚು ಒಣಗಿತ್ತು, ತಳದ ಒಳಗೆ ನೀರು ಹಾಗೇ ಕೂತಿತ್ತು. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಕೇಳುತ್ತೆ, ಮಣ್ಣಿನೊಳಗೆ ಆ ಜಾಗ ಎಲ್ಲಿಂದ ಬರಬೇಕು? ಬೋರಲು ಹಾಕಿ, ತಳಕ್ಕೆ ಗಾಳಿ ಆಡಲು ಬಿಟ್ಟು ಎಂಟು ದಿನ ಕಾದಿದ್ದರೆ ಮುಗಿದಿತ್ತು. ಬೆಂಕಿ ಹಾಕಿ ಸ್ವಲ್ಪ ಹೊತ್ತಿಗೇ ಗಡಿಗೆ ಸುಡುವ ಆವಿಗೆಯೊಳಗಿಂದ ಠಪ್ ಅಂತ ಸದ್ದು. ನನ್ನದೊಂದೇ ಹೋಗಿದ್ದರೆ ಸುಮ್ನಿರುತ್ತಿದ್ದೆ, ಅದರ ಚೂರು ಸಿಡಿದು ಕಾಕಾ ಮಾಡಿದ್ದ ಹನ್ನೊಂದು ಗಡಿಗೆಯೂ ಹಾಳಾದವು. ದುಡ್ಡು ಕೊಡಲು ಹೋದೆ, ತಗೊಳ್ಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಅದಕ್ಕೇ ಹೇಳುತ್ತೇನೆ, ಬರವಣಿಗೆ ವಾಪಸ್ ಬರಲಿ ಅಂತ ಕುಂಬಾರಿಕೆಗೆ ಹೋಗಲೇಬೇಡಿ. ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ. ಕೈಯಲ್ಲಿ ಮಣ್ಣಿದ್ದಾಗ ತಲೆಯಲ್ಲಿ ಲೇಖನ ಓಡುತ್ತಿದ್ದರೆ ಎರಡೂ ಕೆಡುತ್ತವೆ. ಸುಮ್ನೆ ಮಣ್ಣಿನ ಆಸೆ ಇದ್ದರೆ ಹೋಗಿ. ಕರೆಂಟಿನ ತಿಗರಿ ಆನ್‌ಲೈನಲ್ಲಿ ತರಿಸಿಕೊಂಡು ಬಾಲ್ಕನಿಯಲ್ಲಿ ಕೂರಬೇಡಿ, ಊರ ಕುಂಬಾರರ ಹತ್ತಿರವೇ ಹೋಗಿ. ಕ್ರಮವಾಗಿ ಕಲಿಯಬೇಕೆಂದರೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ, ವಿಚಾರಿಸಿ.

ಆ ಲೇಖನ ಇವತ್ತಿಗೂ ಬರೆದಿಲ್ಲ. ಭಾನುವಾರ ಮಾತ್ರ ತಪ್ಪದೆ ಹೋಗುತ್ತೇನೆ. ಬೇರೆಯವರ ಗಡಿಗೆಯನ್ನು ಕಾಕಾ ಮುಟ್ಟಿ ನೋಡಿ ಬಿಡುತ್ತಾರೆ, ನನ್ನದನ್ನು ಈಗಲೂ ಎರಡೂ ಕೆನ್ನೆಗೆ ಇಟ್ಟು ನೋಡುತ್ತಾರೆ.